ಕನ್ನಡ ಶಾಲೆಯಿಂದ ಜಪಾನಿನ ಇಂಗ್ಲಿಷ್ ತರಗತಿಗೆ: ಹೊರದೇಶದಲ್ಲಿ ಪಾಠ ಶುರುಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಕೊಪ್ಪದ ಕಡೆಯ ಹುಡುಗಿಯೊಬ್ಬಳು ಕಳೆದ ತಿಂಗಳು ಫೋನ್ ಮಾಡಿದ್ದಳು. ಮದುವೆಯಾಗಿ ಮೂರು ತಿಂಗಳು. ಗಂಡನಿಗೆ ಜಪಾನಿನ ನಗೋಯಾದಲ್ಲಿ ಕೆಲಸ. ಡಿಸೆಂಬರಿನಲ್ಲಿ ಇವಳೂ ಹೊರಡುತ್ತಾಳೆ. "ಅಕ್ಕಾ, ಅಲ್ಲಿ ಇಂಗ್ಲಿಷ್ ಕಲಿಸಿ ನಾಲ್ಕು ಕಾಸು ಮಾಡಬಹುದಂತಲ್ಲ? ಆದರೆ ನಾನು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ನನ್ನ ಇಂಗ್ಲಿಷ್ ಕೇಳಿ ಅವರು ನಗುವುದಿಲ್ಲವೇ?" ಎಂದಳು. ನಮ್ಮಲ್ಲಿ ಮಳೆ ತಗಡಿನ ಮೇಲೆ ಬಡಿಯುತ್ತಿತ್ತು, ನೆಟ್‌ವರ್ಕ್ ಎರಡು ಸಲ ಕೈಕೊಟ್ಟಿತು, ನನ್ನ ಉತ್ತರದಲ್ಲಿ ಅರ್ಧ ಅವಳಿಗೆ ಕೇಳಿಸಲೇ ಇಲ್ಲ. ಪೂರ್ತಿ ಉತ್ತರ ಇಲ್ಲಿದೆ.

ನಾನು ತೀರ್ಥಹಳ್ಳಿಯ ಬದಿಯವಳು. ಊರಿನ ಕನ್ನಡ ಶಾಲೆ, ಶಿವಮೊಗ್ಗದಲ್ಲಿ ಬಿ.ಎ., ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮದುವೆಯ ನಂತರ ಆರು ವರ್ಷ ಜಪಾನಿನಲ್ಲಿದ್ದು ಕಂಪನಿ ನೌಕರರಿಗೆ, ಶಾಲಾ ಮಕ್ಕಳಿಗೆ, ನಿವೃತ್ತರಿಗೆ ಇಂಗ್ಲಿಷ್ ಹೇಳಿಕೊಟ್ಟೆ. ನಕ್ಕವರು ಯಾರೂ ಇಲ್ಲ. ಕನ್ನಡ ಶಾಲೆಯಲ್ಲಿ ಓದಿದ್ದೇ ಕೊನೆಗೆ ನನ್ನ ಕೈ ಹಿಡಿಯಿತು. ಅದು ಹೇಗೆ ಎಂಬುದು ಮುಂದೆ ಬರುತ್ತದೆ. ಮೊದಲು ಬೇಸರದ ಕೆಲಸಗಳು.

ವೀಸಾ ಮೊದಲು, ಪಾಠ ಆಮೇಲೆ

ಗಂಡನ ಅಥವಾ ಹೆಂಡತಿಯ ಕೆಲಸದ ಬೆನ್ನಿಗೆ ಹೋಗುವವರಿಗೆ ಸಿಗುವುದು ಅವಲಂಬಿತ ವೀಸಾ. ಅದರಲ್ಲಿ ದುಡಿಯಬಹುದೇ ಎಂಬುದಕ್ಕೆ ಒಂದೊಂದು ದೇಶದ್ದು ಒಂದೊಂದು ಉತ್ತರ. ಜರ್ಮನಿಯಲ್ಲಿ ಕುಟುಂಬದ ವೀಸಾದ ಮೇಲೆ ಹೋದ ಸಂಗಾತಿಗೆ ದುಡಿಯಲು ಅಡ್ಡಿಯಿಲ್ಲ. ಬ್ರಿಟನ್ನಿನಲ್ಲಿ ಕುಶಲ ನೌಕರರ ಸಂಗಾತಿಯೂ ಕೆಲಸ ಮಾಡಬಹುದು. ಸಿಂಗಪುರದಲ್ಲಿ 2021ರ ಮೇ ತಿಂಗಳಿನಿಂದ ನಿಯಮ ಬಿಗಿಯಾಗಿದೆ, ಅವಲಂಬಿತರು ಪ್ರತ್ಯೇಕ ಕೆಲಸದ ಪಾಸ್ ಪಡೆಯಬೇಕು. ಅಮೆರಿಕದ ಎಚ್-4 ಎಂಬ ಅವಲಂಬಿತ ವೀಸಾದವರಿಗೆ ಬರಿಯ ವೀಸಾ ಸಾಲದು. ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆ ಬೇರೆ ಕೆಲಸದ ಅನುಮತಿ ಪಡೆಯಬೇಕು.

ಜಪಾನಿನಲ್ಲಿ ಅವಲಂಬಿತರು ವಲಸೆ ಕಚೇರಿಗೆ ಅರ್ಜಿ ಹಾಕಿ ಅನುಮತಿ ಪಡೆದರೆ ವಾರಕ್ಕೆ 28 ಗಂಟೆ ದುಡಿಯಬಹುದು. ಅರ್ಜಿಗೆ ಶುಲ್ಕವಿಲ್ಲ. ಅನುಮತಿ ಸಿಕ್ಕಿತೆಂದರೆ ನಿಮ್ಮ ನಿವಾಸ ಕಾರ್ಡಿನ ಹಿಂಬದಿಯಲ್ಲಿ ಅದನ್ನು ನಮೂದಿಸುತ್ತಾರೆ. ಕೆಲಸ ಕೊಡುವವರು ಮೊದಲು ಕಾರ್ಡ್ ತಿರುಗಿಸಿ ಅದನ್ನೇ ನೋಡುವುದು. ಎರಡು ವಿಷಯ ಇಲ್ಲಿ ನೆನಪಿರಲಿ. 28 ಗಂಟೆ ಎಂದರೆ ಎಲ್ಲ ಕಡೆಯ ಕೆಲಸ ಸೇರಿ 28. ಯಾವ ದಿನದಿಂದ ಏಳು ದಿನ ಎಣಿಸಿದರೂ ಅದು ದಾಟಬಾರದು. ಎರಡನೆಯದು ಬಹಳ ಜನಕ್ಕೆ ಗೊತ್ತಿರುವುದಿಲ್ಲ: ಈ ಸಾಮಾನ್ಯ ಅನುಮತಿ ಸಂಸ್ಥೆಯೊಂದರಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ. ಮನೆಯಲ್ಲೇ ಸ್ವಂತ ಟ್ಯೂಷನ್ ಮಾಡುತ್ತೇನೆ, ಗುತ್ತಿಗೆಯ ಮೇಲೆ ಕಲಿಸುತ್ತೇನೆ ಎಂದರೆ ಆ ಕೆಲಸವನ್ನು ವಿವರಿಸಿ ಪ್ರತ್ಯೇಕ ಅನುಮತಿ ಕೇಳಬೇಕು. ನಾನು ಮೊದಲ ಒಂದೂವರೆ ವರ್ಷ ಸಂಭಾಷಣೆ ಕಲಿಸುವ ಸಣ್ಣ ಶಾಲೆಯೊಂದರಲ್ಲಿ ಗಂಟೆ ಲೆಕ್ಕಕ್ಕೆ ದುಡಿದು, ಸ್ವಂತ ತರಗತಿಗೆ ಆಮೇಲೆ ಅನುಮತಿ ಪಡೆದೆ. ಹೊಸಬರಿಗೆ ಈ ಕ್ರಮವೇ ಒಳ್ಳೆಯದು. ಬೇರೆಯವರ ಶಾಲೆಯಲ್ಲಿ ತಪ್ಪು ಮಾಡಿ ಕಲಿಯುವುದು ಅಗ್ಗ.

"ಆನ್‌ಲೈನ್ ಪಾಠವಲ್ಲವೇ, ಯಾರಿಗೆ ಗೊತ್ತಾಗುತ್ತದೆ?" ಎನ್ನುವವರು ಸಿಗುತ್ತಾರೆ. ಮನೆಯೊಳಗೆ ಕುಳಿತು ಪರದೆಯ ಮುಂದೆ ಮಾಡಿದರೂ ಕೆಲಸ ಕೆಲಸವೇ. ಸಂಗಾತಿಯ ವೀಸಾ ನವೀಕರಣದ ಹೊತ್ತಿಗೆ ನಿಮ್ಮ ಬ್ಯಾಂಕ್ ಖಾತೆಯ ಲೆಕ್ಕ ಮುಂದೆ ಬಂದರೆ ಇಬ್ಬರೂ ಬೆವರಬೇಕಾಗುತ್ತದೆ.

ಪೂರ್ಣಾವಧಿ ಕೆಲಸದ ವೀಸಾಕ್ಕೇ ಪ್ರಯತ್ನಿಸುವ ಕನ್ನಡ ಮಾಧ್ಯಮದವರು ಒಂದು ಕಹಿ ಸತ್ಯ ತಿಳಿದಿರಬೇಕು. ಜಪಾನಿನ ಶಾಲೆಗಳಲ್ಲಿ ಸಹಾಯಕ ಭಾಷಾ ಶಿಕ್ಷಕರಾಗಲು ಪದವಿಯ ಜೊತೆಗೆ ಹನ್ನೆರಡು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ದಾಖಲೆ ಕೇಳುತ್ತಾರೆ. ನನಗೆ ಆ ಬಾಗಿಲು ತೆರೆಯಲಿಲ್ಲ. ದಕ್ಷಿಣ ಕೊರಿಯಾ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾವಂತೂ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳವರಿಗೆ. ಜಪಾನಿನ ಅವಲಂಬಿತ ವೀಸಾದವರಿಗೆ ಇಂಥ ಷರತ್ತುಗಳಿಲ್ಲ. ಗಂಟೆಯ ಮಿತಿ ಇದೆ, ಅಷ್ಟೇ. ಸಂಭಾಷಣಾ ಶಾಲೆಗೆ ಬೇಕಾದದ್ದು ಚೆನ್ನಾಗಿ ಪಾಠ ಮಾಡುವವರು.

ಊರಿನಲ್ಲಿರುವಾಗಲೇ ಮುಗಿಸುವ ಕಾಗದಪತ್ರ

ವಿಮಾನ ಹತ್ತಿದ ಮೇಲೆ ಶಂಕರಘಟ್ಟದಿಂದ ಒಂದು ಕಾಗದ ತರಿಸುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ನನಗಾಗಿ ತಮ್ಮ ಮೂರು ಸಲ ಬಸ್ ಹತ್ತಿದ್ದ.

ಪದವಿಯ ತಾತ್ಕಾಲಿಕ ಪ್ರಮಾಣಪತ್ರವನ್ನು ನಂಬಿಕೊಂಡು ಹೋಗಬೇಡಿ. ಘಟಿಕೋತ್ಸವದ ಮೂಲ ಪ್ರಮಾಣಪತ್ರವೇ ಬೇಕು. ನಮ್ಮಲ್ಲಿ ಎಷ್ಟೋ ಜನ ಅರ್ಜಿ ಹಾಕದೆ ಅದನ್ನು ವಿಶ್ವವಿದ್ಯಾಲಯದಲ್ಲೇ ಬಿಟ್ಟಿರುತ್ತಾರೆ. ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ವಿವಾಹ ನೋಂದಣಿ ಪತ್ರ ಜೊತೆಗಿರಲಿ. ಛತ್ರದ ಆಮಂತ್ರಣ ಪತ್ರಿಕೆ, ಫೋಟೊ ಆಲ್ಬಂ ಸಾಕು ಎಂದುಕೊಂಡವರೂ ಇದ್ದಾರೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸದಿದ್ದರೆ ಅವಲಂಬಿತ ವೀಸಾದ ಅರ್ಜಿಯೇ ಮುಂದೆ ಹೋಗುವುದಿಲ್ಲ.

ಹೆಸರಿನ ಗೋಜಲನ್ನು ಈಗಲೇ ಬಿಡಿಸಿಕೊಳ್ಳಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್: ಒಂದು ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗೆ ಅಪ್ಪನ ಹೆಸರು ನನ್ನ ಉಪನಾಮವಾಯಿತು. ಜಪಾನಿನ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ತರಗತಿಯಲ್ಲಿ ಆರು ವರ್ಷ ಎಲ್ಲರೂ ನನ್ನನ್ನು ಕರೆದದ್ದು ಅಪ್ಪನ ಹೆಸರಿನಿಂದ. ಅಪ್ಪನಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕರು. ನಗು ಸರಿ, ಆದರೆ ಪದವಿ ಪತ್ರದ ಹೆಸರೂ ಪಾಸ್‌ಪೋರ್ಟಿನ ಹೆಸರೂ ಬೇರೆಯಾಗಿ ಕಂಡರೆ ಹೊರದೇಶದ ಗುಮಾಸ್ತನಿಗೆ ಅದು ಇಬ್ಬರು ಮನುಷ್ಯರು. ಎರಡೂ ಹೆಸರಿನವಳು ಒಬ್ಬಳೇ ಎಂದು ನೋಟರಿ ಮುಂದೆ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿಕೊಳ್ಳಿ.

ಪೊಲೀಸ್ ತಪಾಸಣೆ ಪತ್ರ ಕೇಳುವ ದೇಶವಾದರೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಶುಲ್ಕ 500 ರೂಪಾಯಿ. ಇನ್ನು ಅಪೊಸ್ಟಿಲ್. ಪದವಿ ಪತ್ರ ಅಸಲಿ ಎಂದು ನಮ್ಮ ವಿದೇಶಾಂಗ ಸಚಿವಾಲಯ ಒತ್ತಿಕೊಡುವ ಮುದ್ರೆ ಅದು. ಈ ಮುದ್ರೆಯನ್ನು ಪರಸ್ಪರ ಒಪ್ಪುವ ದೇಶಗಳ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ಸಚಿವಾಲಯದ್ದು. ಎರಡೂ ಬೆಂಗಳೂರಿನಲ್ಲೇ ಆಗುತ್ತವೆ. ಒಪ್ಪಂದದಲ್ಲಿಲ್ಲದ ಯುಎಇಯಂಥ ದೇಶಕ್ಕೆ ಹೋಗುವವರು ಆ ದೇಶದ ರಾಯಭಾರ ಕಚೇರಿಯ ಮುದ್ರೆಯನ್ನೂ ಹಾಕಿಸಬೇಕು. ಜಪಾನಿನಲ್ಲಿ ನನ್ನ ಪದವಿ ಪತ್ರಕ್ಕೆ ಯಾರೂ ಅಪೊಸ್ಟಿಲ್ ಕೇಳಲಿಲ್ಲ. ಹಾಗಾಗಿ ಹೋಗುವ ದೇಶ ಕೇಳುತ್ತದೆಯೇ ಎಂದು ತಿಳಿದ ಮೇಲೆ ಖರ್ಚು ಮಾಡಿ. ಏಜೆಂಟರು ಎಲ್ಲದಕ್ಕೂ "ಬೇಕೇ ಬೇಕು" ಎನ್ನುತ್ತಾರೆ. ಅದು ಅವರ ಹೊಟ್ಟೆಪಾಡು.

ಯಾವ ಸರ್ಟಿಫಿಕೇಟ್?

ಟೆಫಲ್ ಎಂಬುದು ಒಂದು ಸಂಸ್ಥೆಯ ಹೆಸರಲ್ಲ. ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ತರಬೇತಿಗೆಲ್ಲ ಬಳಸುವ ಸಾಮಾನ್ಯ ಹೆಸರು. ಯಾರು ಬೇಕಾದರೂ ಅಂಗಡಿ ತೆರೆದು ಟೆಫಲ್ ಸರ್ಟಿಫಿಕೇಟ್ ಕೊಡಬಹುದು, ಕೊಡುತ್ತಾರೆ ಕೂಡ. ನಾನು ಮೊದಲು ಹಣ ಕಟ್ಟಿದ ಆನ್‌ಲೈನ್ ಕೋರ್ಸಿನಲ್ಲಿ ಬಹು ಆಯ್ಕೆಯ ಪ್ರಶ್ನೆಗಳನ್ನು ಒಂದು ಭಾನುವಾರ ಕುಳಿತು ಮುಗಿಸಿದೆ. ಸಂಜೆ ಚಿನ್ನದ ಬಣ್ಣದ ಅಂಚಿನ ಸರ್ಟಿಫಿಕೇಟ್ ಬಂತು. ಸಂದರ್ಶನದಲ್ಲಿ ಅದನ್ನು ನೋಡಿದವರು ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಎಷ್ಟು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತಿದ್ದಿರಿ?" ಉತ್ತರ ಸೊನ್ನೆ.

ಕೋರ್ಸ್ ಆರಿಸುವಾಗ ನೀವೂ ಅದನ್ನೇ ಕೇಳಿ. ಕೇಂಬ್ರಿಜ್ ನೀಡುವ ಸೆಲ್ಟಾದಲ್ಲಿ ಸುಮಾರು 120 ಗಂಟೆಯ ತರಬೇತಿ, ಅದರಲ್ಲಿ 6 ಗಂಟೆ ನಿಜವಾದ ಕಲಿಯುವವರ ಮುಂದೆ ಪಾಠ. ಹಿಂದೆ ಕುಳಿತವರು ಪ್ರತಿ ತಪ್ಪನ್ನೂ ಬರೆದುಕೊಳ್ಳುತ್ತಾರೆ. ಪೂರ್ಣಾವಧಿಯಾದರೆ ನಾಲ್ಕೈದು ವಾರ. ಟ್ರಿನಿಟಿಯ ಸರ್ಟ್‌ಟೆಸಾಲ್ ಕೂಡ ಇದೇ ತೂಕದ್ದು. ಎರಡಕ್ಕೂ ಖರ್ಚು ಜಾಸ್ತಿ. ವಾರಕ್ಕೆ ಆರೇಳು ಗಂಟೆ ಕಲಿಸುವ ಯೋಚನೆ ಇದ್ದರೆ ಅಷ್ಟು ಸುರಿಯುವ ಅಗತ್ಯವಿಲ್ಲ, 120 ಗಂಟೆಯ ಸಾಧಾರಣ ಆನ್‌ಲೈನ್ ಕೋರ್ಸ್ ಸಾಕು. ಇದನ್ನೇ ಕಸುಬು ಮಾಡಿಕೊಳ್ಳುವವರು ಸೆಲ್ಟಾ ಮಾಡಿ. ಬಿ.ಎಡ್. ಇದ್ದವರಿಗೆ ಕೊಲ್ಲಿ ದೇಶಗಳ ಭಾರತೀಯ ಶಾಲೆಗಳೂ ಮಾಲ್ಡೀವ್ಸಿನ ಶಾಲೆಗಳೂ ಬೇರೆಯದೇ ದಾರಿ, ಅಲ್ಲಿ ಬಿ.ಎಡ್.ಗೇ ಬೆಲೆ.

ಮೊದಲು ನಮ್ಮ ಇಂಗ್ಲಿಷ್ ರಿಪೇರಿ

ನಮ್ಮ ಉಚ್ಚಾರಣೆ ಬಿಟ್ಟು ಅಮೆರಿಕದವರಂತೆ ಮೂಗಿನಲ್ಲಿ ಮಾತನಾಡಿ ಎನ್ನುತ್ತಿಲ್ಲ. ಅದು ಮೂರು ವಾಕ್ಯಕ್ಕಿಂತ ಹೆಚ್ಚು ನಿಲ್ಲುವುದೂ ಇಲ್ಲ. ಅರ್ಥ ಕೆಡಿಸುವ ಕೆಲವನ್ನು ಮಾತ್ರ ತಿದ್ದಿಕೊಂಡರೆ ಸಾಕು. 'ಎ' ಅಕ್ಷರದ ಮುಂದೆ ನಾವು ತಿಳಿಯದೆ 'ಯ' ಹಚ್ಚುತ್ತೇವೆ, 'ಒ' ಮುಂದೆ 'ವ'. ಎಲ್ಲಿ ಯೆಲ್ಲಿಯಾದಂತೆ, ಒಂದು ವೊಂದು ಆದಂತೆ, ಎಗ್ ಯೆಗ್ ಆಗುತ್ತದೆ, ಓನ್ಲಿ ವೋನ್ಲಿ ಆಗುತ್ತದೆ. ಇಂಗ್ಲಿಷಿನ ಎರಡು 'ವ'ಗಳು ನಮಗೆ ಒಂದೇ: ವೆಸ್ಟ್ ಎಂದಾಗ ಬನಿಯನ್ನೋ ಪಶ್ಚಿಮವೋ ಕೇಳುವವರಿಗೆ ತಿಳಿಯುವುದಿಲ್ಲ. ಒಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಇನ್ನೊಂದಕ್ಕೆ ತುಟಿಯನ್ನು ಗುಂಡಗೆ ಮಾಡಬೇಕು. ಕನ್ನಡಿಯ ಮುಂದೆ ನಿತ್ಯ ಐದು ನಿಮಿಷ ಸಾಕು.

ವ್ಯಾಕರಣದಲ್ಲಿ ನಮ್ಮ ಗುಟ್ಟು ರಟ್ಟು ಮಾಡುವುದು 'ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್' ಎಂಬಂಥ ವಾಕ್ಯ. 'ಇಬ್ಬರು ತಮ್ಮಂದಿರಿದ್ದಾರೆ' ಎಂಬುದನ್ನು ನಾವು ನಡೆಯುತ್ತಿರುವ ಕ್ರಿಯೆ ಮಾಡಿಬಿಡುತ್ತೇವೆ. 'ಪ್ರಿಪೋನ್' ಎಂದರೆ ಭಾರತದ ಹೊರಗೆ ಹೆಚ್ಚಿನವರು ಕಣ್ಣು ಪಿಳುಕಿಸುತ್ತಾರೆ. ಹದಿನೈದು ನಿಮಿಷ ಮಾತನಾಡಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮರುದಿನ ಬೇರೆಯವರ ಮಾತೆಂದು ಕೇಳಿ. ನಾಚಿಕೆಯಾಗುತ್ತದೆ, ಸಹಿಸಿಕೊಳ್ಳಿ.

ಹೊರಡುವ ಮುನ್ನ ಊರಿನಲ್ಲೇ ಹತ್ತು ಪಾಠ

ಪಕ್ಕದ ಮನೆಯ ಹೈಸ್ಕೂಲು ಮಕ್ಕಳು, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಅತ್ತೆಯ ಮಗ, ಯಾರಾದರೂ ಸರಿ. ದುಡ್ಡು ತೆಗೆದುಕೊಳ್ಳದೆ ಹತ್ತು ಪಾಠ ಮಾಡಿ. ಒಂದೇ ಷರತ್ತು: ಪಾಠದಲ್ಲಿ ಕನ್ನಡ ಬಳಸಬಾರದು. ಇದು ಇಂಗ್ಲಿಷ್ ಪ್ರೇಮದಿಂದ ಹೇಳುವ ಮಾತಲ್ಲ. ಜಪಾನಿನಲ್ಲಿ ನಿಮಗೆ ಜಪಾನಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಕೈ, ಚಿತ್ರ, ವಸ್ತು ಇಷ್ಟರಿಂದಲೇ 'ನಿನ್ನೆ' ಎಂಬುದನ್ನು ಅರ್ಥ ಮಾಡಿಸಬೇಕು. ಆ ಪೇಚಾಟವನ್ನು ಇಲ್ಲೇ ಅನುಭವಿಸಿದ್ದರೆ ಅಲ್ಲಿ ಕೈ ನಡುಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಆನ್‌ಲೈನ್ ಅಭ್ಯಾಸವನ್ನು ನೆಚ್ಚಬೇಡಿ, ಗಾಳಿ ಬಂದರೆ ಕರೆಂಟು ಹೋಯಿತು. ಜಗುಲಿಯ ಮೇಲೆ ಎದುರುಬದುರು ಕುಳಿತು ಮಾಡಿ.

ಇಳಿದ ಮೇಲೆ: ಮೊದಲ ವಿದ್ಯಾರ್ಥಿ ಎಲ್ಲಿ ಸಿಗುತ್ತಾರೆ

ಜಪಾನಿನ ಬಹುತೇಕ ನಗರಗಳಲ್ಲಿ ಅಂತರರಾಷ್ಟ್ರೀಯ ಸ್ನೇಹ ಸಂಘ ಎನ್ನಬಹುದಾದ ಸಂಸ್ಥೆ ಇರುತ್ತದೆ, ಸಾಮಾನ್ಯವಾಗಿ ನಗರಾಡಳಿತದ ನೆರಳಿನಲ್ಲಿ. ವಿದೇಶಿಯರಿಗೆ ಅಲ್ಲಿ ಪುಕ್ಕಟೆಯಾಗಿ ಅಥವಾ ಅಲ್ಪ ಶುಲ್ಕಕ್ಕೆ ಜಪಾನಿ ಕಲಿಸುತ್ತಾರೆ. ಮೊದಲ ವಾರದಲ್ಲೇ ಹೋಗಿ ಸೇರಿಕೊಳ್ಳಿ. ನಿಮಗೆ ಜಪಾನಿ ಹೇಳಿಕೊಡುವ ಸ್ವಯಂಸೇವಕಿಯೇ ಮುಂದೆ ನಿಮ್ಮ ಮೊದಲ ವಿದ್ಯಾರ್ಥಿನಿಯನ್ನು ಕರೆತರುತ್ತಾಳೆ. ನನಗಂತೂ ಹಾಗೇ ಆಯಿತು.

ಅಲ್ಲಿ ಇಂಗ್ಲಿಷ್ ಕಲಿಯುವವರಲ್ಲಿ ಮೂರು ಬಗೆ. ಒಂದು, ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಬೇಕಾದ ಕಂಪನಿ ನೌಕರರು. ಆ ಪರೀಕ್ಷೆಯ ಅಂಕ 10ರಿಂದ 990ರವರೆಗೆ, ಬಡ್ತಿಗೂ ಅದಕ್ಕೂ ನಂಟಿರುವ ಕಂಪನಿಗಳಿವೆ. ಎರಡು, ಮಕ್ಕಳು. 2020ರಿಂದ ಅಲ್ಲಿನ ಐದು ಮತ್ತು ಆರನೇ ತರಗತಿಗೆ ಇಂಗ್ಲಿಷ್ ಪೂರ್ಣ ಪ್ರಮಾಣದ ಪಠ್ಯ ವಿಷಯ, ಏಕೆನ್ ಎಂಬ ಮಟ್ಟವಾರು ಇಂಗ್ಲಿಷ್ ಪರೀಕ್ಷೆಯ ಆಸೆಯೂ ತಾಯಂದಿರಿಗೆ ಇರುತ್ತದೆ. ಮೂರು, ನಿವೃತ್ತರು. ಹೊಸಬರಿಗೆ ನನ್ನ ಸಲಹೆ ಮೂರನೆಯವರೇ. ಪರೀಕ್ಷೆಯ ಗಡಿಬಿಡಿ ಇಲ್ಲ, ಹಗಲು ಬಿಡುವಿದೆ, ನಿಮ್ಮ ಊರಿನ ಬಗ್ಗೆ ಕೇಳುವ ಕುತೂಹಲವಿದೆ. ಮಕ್ಕಳ ತರಗತಿ ಕೇಳಲು ಮುದ್ದು, ಮಾಡಲು ಗಂಟಲು ಹರಿಯುವ ಕೆಲಸ.

ಜಾಗ ಎಲ್ಲಿ? ಅನೇಕ ಬಡಾವಣೆಗಳಲ್ಲಿ ಕೋಮಿನ್‌ಕಾನ್ ಎಂಬ ಸಮುದಾಯ ಭವನ ಇರುತ್ತದೆ, ಕೋಣೆ ಬಾಡಿಗೆ ಬಹಳ ಕಡಿಮೆ. ಆದರೆ ಲಾಭದ ಟ್ಯೂಷನ್ನಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಕಲಿಯುವವರೇ ಒಂದು ಗುಂಪು ಕಟ್ಟಿಕೊಂಡು, ಕೋಣೆಯನ್ನು ತಮ್ಮ ಹೆಸರಿನಲ್ಲಿ ಹಿಡಿದು, ನಿಮ್ಮನ್ನು ಶಿಕ್ಷಕಿಯಾಗಿ ಕರೆಸಿಕೊಂಡರೆ ಒಪ್ಪುತ್ತಾರೆ. ನಮ್ಮಲ್ಲಿ ಸ್ತ್ರೀಶಕ್ತಿ ಸಂಘದವರು ಹೊಲಿಗೆ ಕಲಿಸಲು ಟೀಚರನ್ನು ಕರೆಸುವಂತೆ.

ಅರವತ್ತು ನಿಮಿಷದ ಮೊದಲ ಪಾಠ

ನನ್ನ ಮೊದಲ ಪಾಠ ಕೆಟ್ಟದಾಗಿತ್ತು. ಎದುರು ಕುಳಿತವರು ನಿವೃತ್ತ ಇಂಜಿನಿಯರ್, ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿ, ಎರಡು ಪೆನ್ಸಿಲ್ ಚೂಪು ಮಾಡಿಕೊಂಡು ಬಂದಿದ್ದರು. ಒಂದು ಪ್ರಶ್ನೆ ಕೇಳಿದೆ. ಅವರು ಮೇಜು ನೋಡಿದರು. ಮೂರು ಸೆಕೆಂಡ್ ಆಯಿತು, ನಾನೇ ಉತ್ತರ ಹೇಳಿದೆ. ಮತ್ತೊಂದು ಪ್ರಶ್ನೆ, ಮತ್ತೆ ಮೌನ, ಮತ್ತೆ ನನ್ನ ಉತ್ತರ. ಮನೆಗೆ ಬಂದು ಧ್ವನಿಮುದ್ರಣ ಕೇಳಿದರೆ ಅರವತ್ತರಲ್ಲಿ ನಲವತ್ತೈದು ನಿಮಿಷ ನನ್ನದೇ ದನಿ. ಅವರು ಹಣ ಕೊಟ್ಟು ನನ್ನ ಮಾತು ಕೇಳಿ ಹೋಗಿದ್ದರು.

ಅವರ ಮೌನ ಉತ್ತರ ಗೊತ್ತಿಲ್ಲದ ಮೌನವಲ್ಲ, ವಾಕ್ಯವನ್ನು ತಲೆಯೊಳಗೆ ಪೂರ್ತಿ ಕಟ್ಟಿ ಆಮೇಲೆ ಬಾಯಿ ತೆರೆಯುವ ಮೌನ. ಹಾಗಾಗಿ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಏಳು, ಎಂಟರ ಹೊತ್ತಿಗೆ ಉತ್ತರ ಬರುತ್ತದೆ. ಮೊದಲ ತಿಂಗಳು ನಾನು ಮೇಜಿನ ಕೆಳಗೆ ಬೆರಳು ಮಡಚಿ ಎಣಿಸುತ್ತಿದ್ದೆ.

ಈಗ ನಾನು ಹೇಳುವ ಮೊದಲ ಪಾಠ ಹೀಗೆ. ಊರಿನಿಂದ ಒಂದು ಹಾಳೆ ಟೋಪಿ, ಅಂದರೆ ಅಡಿಕೆ ಹಾಳೆಯಿಂದ ಮಾಡಿದ ಟೋಪಿ, ಒಯ್ಯಿರಿ. ಅದನ್ನು ಮೇಜಿನ ಮೇಲಿಡಿ, ಏನೂ ಹೇಳಬೇಡಿ. ಅವರು ಮುಟ್ಟುತ್ತಾರೆ, ಮೂಸುತ್ತಾರೆ, ತಿರುಗಿಸುತ್ತಾರೆ. ಐದು ನಿಮಿಷ ಊಹೆ: ಇದು ಬಟ್ಟಲೇ, ಬುಟ್ಟಿಯೇ? ತಪ್ಪು ಊಹೆಗೂ ತಲೆಯಾಡಿಸಿ, ತಿದ್ದಬೇಡಿ. ಆಮೇಲೆ ತಲೆಯ ಮೇಲಿಟ್ಟು ತೋರಿಸಿ. ನಗು ಬರುತ್ತದೆ, ಬಿಗಿ ಸಡಿಲವಾಗುತ್ತದೆ. ಈಗ ಅಡಿಕೆ ಮರದ ಫೋಟೊ, ಉದುರಿದ ಹಾಳೆಯ ಫೋಟೊ, ತೋಟದಲ್ಲಿ ಟೋಪಿ ಹಾಕಿ ಅಡಿಕೆ ಗೊನೆ ಹೊರುವವರ ಫೋಟೊ. ಮೂರು ಚಿತ್ರಕ್ಕೆ ಎರಡು ವಾಕ್ಯ ಮಾದರಿ ಸಾಕು: 'ಇಟ್ ಈಸ್ ಮೇಡ್ ಫ್ರಮ್', 'ಇಟ್ ಈಸ್ ಯೂಸ್ಡ್ ಫಾರ್'. ನೀವು ಎರಡು ಸಲ ಹೇಳಿ, ಅವರು ಹೇಳಲಿ. ಇದಕ್ಕೆ ಹದಿನೈದು ನಿಮಿಷ. ನಂತರ ಅವರ ಸರದಿ. ಮುಂದಿನ ಅರ್ಧ ಗಂಟೆ ಅವರು ತಮ್ಮ ಮನೆಯ ವಸ್ತುಗಳನ್ನು ಅದೇ ಎರಡು ಮಾದರಿಯಲ್ಲಿ ವಿವರಿಸಲಿ: ಬಿದಿರಿನ ಪೊರಕೆ, ಭತ್ತದ ಹುಲ್ಲಿನ ಹಗ್ಗ, ಚಾಪೆ. ಭತ್ತ ಬೆಳೆಯುವ ನಾಡಿನ ಹಿರಿಯರಿಗೆ ಹುಲ್ಲಿನ ಬಗ್ಗೆ ಹೇಳಲು ಮಾತು ಸಾಲದೆ ಬರುತ್ತದೆ, ಆಗ ಪದಕ್ಕಾಗಿ ತಡಕಾಡಿ ನಿಮ್ಮನ್ನು ಕೇಳುತ್ತಾರೆ. ಕೇಳಿದ ಪದ ಮರೆಯುವುದಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ ನೀವು ಬರೆದುಕೊಂಡ ಮೂರು ತಪ್ಪುಗಳನ್ನು ತಿದ್ದಿ. ಮೂರೇ ಮೂರು. ಇಪ್ಪತ್ತು ತಿದ್ದಿದರೆ ಮುಂದಿನ ವಾರ ಬರುವುದಿಲ್ಲ.

ಹೋಲಿಕೆ ಕಲಿಸುವ ದಿನಕ್ಕೆ ಆಗುಂಬೆ ಇದೆ. ವರ್ಷಕ್ಕೆ ಸುಮಾರು 7,600 ಮಿಲಿಮೀಟರ್ ಮಳೆ ಎಂದರೆ ಟೋಕಿಯೊದ ನಾಲ್ಕು ಪಟ್ಟಿಗೂ ಹೆಚ್ಚು. ತಮ್ಮ ದೇಶದಲ್ಲೇ ಮಳೆ ಜಾಸ್ತಿ ಎಂದುಕೊಂಡವರು ಆ ಅಂಕಿ ನೋಡಿ ವಾದಕ್ಕೆ ನಿಲ್ಲುತ್ತಾರೆ. 253 ಮೀಟರಿನ ಜೋಗಕ್ಕೂ ಅವರಲ್ಲಿ ಎದುರು ನಿಲ್ಲಿಸಲು ಜಲಪಾತಗಳಿವೆ. ವಾದ ಎದ್ದಿತೆಂದರೆ ಪಾಠ ಗೆದ್ದಂತೆ.

ಕನ್ನಡದ ಬಂಡವಾಳ

ಕೊಪ್ಪದ ಹುಡುಗಿಗೆ ಫೋನಿನಲ್ಲಿ ಕೇಳಿಸದೆ ಹೋದದ್ದು ಈ ಭಾಗ.

'ನಾನು ನಾಳೆ ಶಿವಮೊಗ್ಗಕ್ಕೆ ಹೋಗುತ್ತೇನೆ.' ಇದನ್ನು ಜಪಾನಿಯಲ್ಲಿ 'ವತಾಶಿ ವ ಅಶಿತಾ ಶಿವಮೊಗ್ಗ ನಿ ಇಕಿಮಾಸು' ಎನ್ನಬೇಕು. ಪದದಿಂದ ಪದಕ್ಕೆ ಅದೇ ಸಾಲು: ನಾನು, ನಾಳೆ, ಶಿವಮೊಗ್ಗ, ಅದರ ಹಿಂದೆ ನಮ್ಮ 'ಕ್ಕೆ'ಯಂತೆ ಒಂದು 'ನಿ', ಕೊನೆಗೆ ಕ್ರಿಯಾಪದ. ಇಂಗ್ಲಿಷಿನಲ್ಲಿ ಇದೆಲ್ಲ ತಿರುಗುಮುರುಗು. ಅವರಿಗೆ ಕಷ್ಟವಾಗುವ ಜಾಗದಲ್ಲೇ ಎಂಟನೇ ತರಗತಿಯಲ್ಲಿ ನಮಗೂ ಕಷ್ಟವಾಗಿತ್ತು. ಹುಟ್ಟಿನಿಂದ ಇಂಗ್ಲಿಷ್ ಆಡಿದವರಿಗೆ ಆ ಕಷ್ಟದ ರುಚಿಯೇ ಗೊತ್ತಿಲ್ಲ.

ಇನ್ನೂ ಇದೆ. 'ಎ', 'ದಿ' ಎಂಬ ಉಪಪದಗಳು ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ನಾವು ಬಸ್ಸನ್ನು ಬಸ್ಸು, ಬ್ಯಾಂಕನ್ನು ಬ್ಯಾಂಕು ಮಾಡಿದಂತೆ ಅವರೂ ವ್ಯಂಜನದ ಬಾಲಕ್ಕೆ ಸ್ವರ ಅಂಟಿಸಿ 'ಬಸು' ಎನ್ನುತ್ತಾರೆ. 'ನಮ್ಮಜ್ಜಿಯೂ ಹೀಗೇ ಹೇಳುತ್ತಿದ್ದರು' ಎಂದು ಹೇಳಿ ನೋಡಿ, ಅವರ ಮುಖದ ಸಂಕೋಚ ಕಾಣೆಯಾಗುತ್ತದೆ. ನಕಾರದ ಪ್ರಶ್ನೆ ಎಲ್ಲಕ್ಕಿಂತ ಮಜಾ. 'ಊಟ ಮಾಡಲಿಲ್ಲವೇ?' ಎಂದರೆ ನಾವು 'ಹೌದು, ಮಾಡಲಿಲ್ಲ' ಎನ್ನಬಹುದು. ಅವರೂ 'ಹೌದು' ಎಂದೇ ಶುರುಮಾಡುತ್ತಾರೆ. ಇಂಗ್ಲಿಷಿನಲ್ಲಿ 'ನೋ, ಐ ಡಿಡ್ ನಾಟ್' ಎನ್ನಬೇಕು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಇಂಗ್ಲೆಂಡಿನ ಹುಡುಗನಿಗೆ ಇದು ತಪ್ಪೆಂದು ಗೊತ್ತಿತ್ತು, ಏಕೆ ಆ ತಪ್ಪು ಹುಟ್ಟುತ್ತದೆ ಎಂದು ಗೊತ್ತಿರಲಿಲ್ಲ. ನಾನು ಹಲಗೆಯ ಮೇಲೆ ಎರಡು ಗೆರೆ ಎಳೆದೆ: ಒಂದು 'ಪ್ರಶ್ನೆ ನಿಜವೇ' ಎಂಬುದಕ್ಕೆ ಉತ್ತರ, ಇನ್ನೊಂದು 'ಊಟ ಆಯಿತೇ' ಎಂಬುದಕ್ಕೆ ಉತ್ತರ. ಇಂಗ್ಲಿಷಿಗೆ ಎರಡನೆಯದು ಮುಖ್ಯ. ಅಷ್ಟೇ.

'ಲ' ಮತ್ತು 'ರ' ಮಾತ್ರ ಅವರ ಸ್ವಂತ ತೊಂದರೆ, ಎರಡೂ ಅವರ ಕಿವಿಗೆ ಒಂದೇ. ಲೈಟ್ ಎಂದರೂ ರೈಟ್ ಎಂದರೂ ಅದೇ. ಕೈಗನ್ನಡಿ ಕೊಡಿ. 'ಲ'ಕ್ಕೆ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಅಂಟಿ ನಿಲ್ಲಬೇಕು, ಇಂಗ್ಲಿಷಿನ 'ರ'ಕ್ಕೆ ಎಲ್ಲಿಯೂ ತಾಗಬಾರದು. ನಮ್ಮ ಕನ್ನಡದ 'ರ' ತಟ್ಟಿ ಹೋಗುತ್ತದೆ, ಅದನ್ನು ಮಾದರಿಯಾಗಿ ತೋರಿಸಬೇಡಿ. ನಾನು ತೋರಿಸಿ ಎರಡು ವಾರ ಹಾಳು ಮಾಡಿದೆ.

ಸಂದರ್ಶನದಲ್ಲಿ "ಇಂಗ್ಲಿಷ್ ನಿಮ್ಮ ತಾಯ್ನುಡಿಯೇ?" ಎಂದು ಕೇಳಿಯೇ ಕೇಳುತ್ತಾರೆ. ಅಲ್ಲ ಎನ್ನಿ. ಹನ್ನೊಂದನೇ ವಯಸ್ಸಿನಲ್ಲಿ ಎಬಿಸಿಡಿ ಶುರುಮಾಡಿ ಇಲ್ಲಿಗೆ ಬಂದೆ, ನಿಮ್ಮ ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೋ ಅಲ್ಲಿ ನಾನೂ ಎಡವಿದ್ದೇನೆ ಎನ್ನಿ. ಸುಳ್ಳು ಹೇಳಿ ಇಂಗ್ಲಿಷ್ ಮಾಧ್ಯಮ ಎಂದವರನ್ನು ನೋಡಿದ್ದೇನೆ, ದಾಖಲೆ ಕೇಳಿದಾಗ ಕೆಲಸವೂ ಹೋಯಿತು, ಮಾನವೂ ಹೋಯಿತು.

ಒಬ್ಬರೇ ಕೆಲಸ ಹುಡುಕಿ ಹೊರಡುವವರಿಗೆ

ವಿಯೆಟ್ನಾಂ, ಥಾಯ್ಲೆಂಡ್‌ಗಳಲ್ಲಿ ಪದವಿ ಇದ್ದವರಿಗೆ ಅವಕಾಶಗಳಿವೆ. ಥಾಯ್ಲೆಂಡಿನಲ್ಲಿ ಇಂಗ್ಲಿಷ್ ತಾಯ್ನುಡಿಯಲ್ಲದವರಿಗೆ ಸಾಮಾನ್ಯವಾಗಿ ಟೋಯಿಕ್‌ನಲ್ಲಿ 600 ಅಂಕ ಕೇಳುತ್ತಾರೆ. ಪ್ರವಾಸಿ ವೀಸಾದಲ್ಲಿ ಬಂದು ಸೇರಿಕೊಳ್ಳಿ, ಆಮೇಲೆ ಸರಿಮಾಡೋಣ ಎಂಬ ಶಾಲೆಗೆ ಕೈಮುಗಿದು ದೂರವಿರಿ. ಏಜೆಂಟ್ ಮೂಲಕ ಹೋಗುವುದಾದರೆ ಅವರು ನೋಂದಾಯಿತರೇ ಎಂದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಅವರು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕಿಂತ ಹೆಚ್ಚಲ್ಲ. ಥಾಯ್ಲೆಂಡಿನ ಕೆಲಸವೆಂದು ಕರೆದೊಯ್ದು ಗಡಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆಯ ಅಡ್ಡೆಗಳಿಗೆ ತಳ್ಳಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯವೇ ಎಚ್ಚರಿಸಿದೆ. ಪಾಠದ ಡೆಮೊ ಕೇಳದೆ, ಎರಡು ನಿಮಿಷದ ವಾಟ್ಸ್‌ಆ್ಯಪ್ ಮಾತಿನಲ್ಲಿ ಲಕ್ಷ ಸಂಬಳ ಹೇಳುವವರು ಶಿಕ್ಷಕರನ್ನು ಹುಡುಕುತ್ತಿಲ್ಲ.

ಹಣದ ಮಾತು

ಶಾಲೆಯಲ್ಲಿದ್ದಾಗ ಅವರು ಕೊಟ್ಟಷ್ಟು. ಸ್ವಂತ ತರಗತಿಗೆ ನಾನು ಗಂಟೆಗೆ 2,000 ಯೆನ್‌ನಿಂದ ಶುರುಮಾಡಿ 3,000ಕ್ಕೆ ನಿಲ್ಲಿಸಿದೆ. ಮೊದಲ ಪಾಠ ಪುಕ್ಕಟೆ ಕೊಡಬೇಡಿ, ಅರ್ಧ ದರ ಇಡಿ. ಪುಕ್ಕಟೆ ಪಾಠಕ್ಕೆ ಊರು ಸುತ್ತುವವರೇ ಬರುತ್ತಾರೆ. ತಿಂಗಳ ಹಣ ಮೊದಲೇ ಪಡೆಯಿರಿ, ಹಿಂದಿನ ದಿನ ತಿಳಿಸದೆ ತಪ್ಪಿಸಿದರೆ ಪಾಠ ಆದಂತೆಯೇ ಲೆಕ್ಕ ಎಂದು ಮೊದಲ ದಿನವೇ ಬರೆದುಕೊಡಿ. ನಮಗೆ ದುಡ್ಡಿನ ಮಾತು ಎತ್ತಲು ನಾಚಿಕೆ; ಅಲ್ಲಿ ಹಣವನ್ನು ಲಕೋಟೆಯಲ್ಲಿಟ್ಟು ಎರಡೂ ಕೈಯಲ್ಲಿ ಕೊಡುತ್ತಾರೆ, ನೀವೂ ಎರಡು ಕೈ ಚಾಚಿ ತೆಗೆದುಕೊಂಡರೆ ಆಯಿತು. ವರ್ಷದ ಗಳಿಕೆ 13 ಲಕ್ಷ ಯೆನ್ ಮುಟ್ಟಿತೆಂದರೆ ಸಂಗಾತಿಯ ಆರೋಗ್ಯ ವಿಮೆಯ ನೆರಳಿನಿಂದ ಹೊರಬಿದ್ದು ನೀವೇ ಕಂತು ಕಟ್ಟಬೇಕಾಗುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಲೆಕ್ಕ ಕೂಡಿಸಿ.

ಜಪಾನಿನಲ್ಲಿ ಶಾಲೆಯ ವರ್ಷವೂ ಹೆಚ್ಚಿನ ಕಂಪನಿಗಳ ಹಣಕಾಸಿನ ವರ್ಷವೂ ಏಪ್ರಿಲ್‌ನಿಂದ ಆರಂಭ. ಹೊಸ ತರಗತಿ ಹುಡುಕುವವರು ಫೆಬ್ರವರಿ, ಮಾರ್ಚ್‌ನಲ್ಲಿ ವಿಚಾರಿಸಲು ಬರುತ್ತಾರೆ. ಕೊಪ್ಪದವಳಿಗೆ ನಾನು ಹಾಕಿಕೊಟ್ಟ ಲೆಕ್ಕ ಇದು: ಅಡಿಕೆ ಸುಲಿತ ಶುರುವಾಗುವ ಮೊದಲು ಶಂಕರಘಟ್ಟಕ್ಕೆ ಹೋಗಿ ಘಟಿಕೋತ್ಸವ ಪತ್ರ ತಂದುಕೊಳ್ಳುವುದು, ನವೆಂಬರಿನಲ್ಲಿ ಜಗುಲಿಯ ಹತ್ತು ಪಾಠ, ಡಿಸೆಂಬರಿನಲ್ಲಿ ಇಳಿದ ವಾರವೇ ಅನುಮತಿಯ ಅರ್ಜಿ, ಅದು ಕೈಸೇರುವವರೆಗೆ ಜಪಾನಿ ಕಲಿಕೆ, ಮಾರ್ಚಿನಲ್ಲಿ ಮೊದಲ ಸಂದರ್ಶನ. ಹಾಳೆ ಟೋಪಿಯನ್ನು ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಮಗುಚಿ ಇಡು, ಒಳಗೆ ಸಾಕ್ಸ್ ತುಂಬು, ಇಲ್ಲದಿದ್ದರೆ ಬಿರಿಯುತ್ತದೆ ಎಂದೂ ಹೇಳಿದ್ದೆ. ಆ ಹೊತ್ತಿಗೆ ಫೋನ್ ಕಡಿದುಹೋಗಿತ್ತು.